ಕಂಪನಿ ಬರ್ತಿದೆ ಅಂತ ಕುಣಿಯೋಕೆ ಮುಂಚೆ

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಹೊಸ ಘಟಕ ಎಲ್ಲಿ ಹಾಕೋದು ಅಂತ ಮೀಟಿಂಗ್ ನಡೀತಿತ್ತು. ಹಾಳೆಯಲ್ಲಿ ಮೂರು ಜಾಗದ ಹೆಸರು. ಆದರೆ ಜಾಗ ಆಗಲೇ ಪಕ್ಕಾ ಆಗಿದ್ದು ಎಲ್ಲರಿಗೂ ಗೊತ್ತು. ಬಂದರು ಹತ್ತಿರ, ಕೆಲಸ ಬಲ್ಲ ಜನ ಸಿಗ್ತಾರೆ, ದೊಡ್ಡ ಗಿರಾಕಿಯೂ ಅಲ್ಲೇ ಇದ್ದಾರೆ. ಮತ್ತೆ ಉಳಿದ ಎರಡು ಹೆಸರು ಯಾಕೆ ಅಂತ ಕೇಳಿದೆ. ಹಿರಿಯರೊಬ್ಬರು ನಕ್ಕರು. "ಅವಿಲ್ಲದಿದ್ರೆ ಸರ್ಕಾರದ ಹತ್ರ ಚೌಕಾಸಿ ಮಾಡೋದು ಹೇಗಪ್ಪಾ?"

ಆ ಎರಡು ಜಾಗದ ಅಧಿಕಾರಿಗಳು, ಪಾಪ, ದಪ್ಪ ದಪ್ಪ ಫೈಲ್ ಕಳಿಸಿದ್ದರು. ನಕ್ಷೆ, ನೀರಿನ ಲೆಕ್ಕ, ಬಣ್ಣದ ಫೋಟೋ ಎಲ್ಲ ಇತ್ತು. ಯಾರೂ ತೆರೆದು ನೋಡಲಿಲ್ಲ. ಗೆದ್ದ ಜಾಗದ ಸರ್ಕಾರ ಮಾತ್ರ, ಹೇಗಿದ್ದರೂ ಬರುತ್ತಿದ್ದ ಕಂಪನಿಗೆ ತೆರಿಗೆ ಬಿಟ್ಟುಕೊಟ್ಟು ಬೀಗಿತು.

ಅವತ್ತಿನಿಂದ ಈ ವಿಷಯ ಕಂಡಲ್ಲೆಲ್ಲ ಓದುತ್ತೇನೆ. ಓದೋಕೆ ಜಾಸ್ತಿ ಸಿಗೋದು ಅಮೆರಿಕದ್ದು. ಅಲ್ಲಿ ರಾಜ್ಯ ರಾಜ್ಯಗಳ ನಡುವೆ ಈ ಪೈಪೋಟಿ ಹಳೆಯದು. ಮಿಸಿಸಿಪ್ಪಿ ರಾಜ್ಯ 1936ರಲ್ಲೇ ಇದಕ್ಕೊಂದು ಕಾನೂನು ಮಾಡಿತ್ತು. ಊರಿನವರು ಬಾಂಡ್ (ಸಾಲಪತ್ರ) ಮಾರಿ, ಆ ದುಡ್ಡಲ್ಲಿ ಕಾರ್ಖಾನೆ ಕಟ್ಟಡ ಕಟ್ಟಿ ಕಂಪನಿಗೆ ಕೊಡಬಹುದಿತ್ತು. ಅದಕ್ಕೊಂದು ಷರತ್ತು, ಮೊದಲು ಊರಿನ ಮತದಾರರು ಒಪ್ಪಬೇಕು. ಈಗ ನೋಡಿದರೆ ಆ ಷರತ್ತೇ ದೊಡ್ಡದು ಅನ್ನಿಸುತ್ತೆ.

ಈಗಿನ ಕಥೆಗೆ ಬರೋಣ. 2017ರಲ್ಲಿ ವಿಸ್ಕಾನ್ಸಿನ್ ರಾಜ್ಯ, ದೊಡ್ಡ ಟಿವಿ ಪರದೆಗಳ ಕಾರ್ಖಾನೆ ಕಟ್ಟಲಿ ಅಂತ ಫಾಕ್ಸ್‌ಕಾನ್ ಕಂಪನಿಗೆ ಸುಮಾರು 300 ಕೋಟಿ ಡಾಲರ್ ಕೊಡಲು ಒಪ್ಪಿತು. ಕಂಪನಿ 1,000 ಕೋಟಿ ಡಾಲರ್ ಹೂಡಬೇಕು, 13,000 ಜನಕ್ಕೆ ಕೆಲಸ ಕೊಡಬೇಕು. ಭಾಗಿಸಿ ನೋಡಿ, ಒಂದು ಕೆಲಸಕ್ಕೆ ಎರಡು ಲಕ್ಷ ಡಾಲರ್ ಮೇಲೆ! ಈ ದುಡ್ಡು ವಾಪಸ್ ಹುಟ್ಟೋಕೆ ಇಪ್ಪತ್ತೈದು ವರ್ಷವಾದರೂ ಬೇಕು ಅಂತ ಶಾಸನಸಭೆಯ ಹಣಕಾಸು ಕಚೇರಿಯೇ ಲೆಕ್ಕ ಹಾಕಿ ಹೇಳಿತ್ತು. ಕೇಳೋರು ಯಾರು? 2018ರ ಜೂನ್‌ನಲ್ಲಿ ಅಧ್ಯಕ್ಷ ಟ್ರಂಪ್ ಬಂದು ಸಲಿಕೆ ಹಿಡಿದು ಗುದ್ದಲಿ ಪೂಜೆಯಂಥದ್ದನ್ನು ಮುಗಿಸಿದರು. ಪ್ರಪಂಚದ ಎಂಟನೇ ಅದ್ಭುತ ಅಂದರು.

ಕಾರ್ಖಾನೆ ಏಳಬೇಕಿದ್ದ ಊರು ಮೌಂಟ್ ಪ್ಲೆಸೆಂಟ್. ಅಲ್ಲಿ ಹೊಲ ಹೋಯಿತು, ಹತ್ತಾರು ಮನೆ ಹೋಯಿತು. ರಸ್ತೆ ಅಗಲ ಮಾಡಿದರು, ದೊಡ್ಡ ನೀರಿನ ಪೈಪ್ ಎಳೆದರು, ಊರಿನ ಹೆಸರಲ್ಲಿ ಸಾಲ ಎತ್ತಿದರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಅದೇ. ಹೇಳಿದ್ದ ದೊಡ್ಡ ಪರದೆಗಳ ಕಾರ್ಖಾನೆ ಬರಲೇ ಇಲ್ಲ. 2021ರಲ್ಲಿ ಒಪ್ಪಂದವನ್ನೇ ಬದಲಿಸಿದರು. 13,000 ಕೆಲಸ ಇದ್ದದ್ದು 1,454 ಆಯಿತು. ರಾಜ್ಯ ಕೊಡಬೇಕಾದದ್ದೂ ಹೆಚ್ಚೆಂದರೆ 8 ಕೋಟಿ ಡಾಲರ್‌ಗೆ ಇಳಿಯಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ರಾಜ್ಯದ ದುಡ್ಡು ಯಾಕೆ ಮುಳುಗಲಿಲ್ಲ? ಜನರನ್ನು ಕೆಲಸಕ್ಕೆ ತಗೊಂಡು, ಲೆಕ್ಕ ತೋರಿಸಿದ ಮೇಲೆ ಮಾತ್ರ ದುಡ್ಡು ಅಂತ ಒಪ್ಪಂದದಲ್ಲಿ ಬರೆದಿದ್ದರು. ಮೊದಲ ವರ್ಷವೇ ಕಂಪನಿ ಆ ಗುರಿ ಮುಟ್ಟಲಿಲ್ಲ, ತೆರಿಗೆ ವಾಪಸಾತಿ ಸಿಗಲಿಲ್ಲ. ಮೊದಲೇ ಕೈಯಿಂದ ಹಾಕಿದ ಊರಿಗೆ ಅಂಥ ರಕ್ಷಣೆ ಎಲ್ಲಿತ್ತು? ಹೋದ ಮನೆಗಳಂತೂ ಮತ್ತೆ ಬರುವುದಿಲ್ಲ.

ಆದರೆ ನನ್ನ ವಾದಕ್ಕೆ ಪೂರ್ತಿ ಒಗ್ಗದ ಒಂದು ಸಂಗತಿಯೂ ಇದೆ, ಮುಚ್ಚಿಡೋದು ಬೇಡ. ಅದೇ ಜಾಗಕ್ಕೆ ಆಮೇಲೆ ಮೈಕ್ರೋಸಾಫ್ಟ್ ಬಂತು. 2024ರಲ್ಲಿ 330 ಕೋಟಿ ಡಾಲರ್‌ನ ಡೇಟಾ ಸೆಂಟರ್ ಅಂತ ಘೋಷಣೆ ಆಯಿತು. ಒಟ್ಟು ಮಾಡಿದ ನೆಲ, ಹಾಕಿದ ರಸ್ತೆ, ನೀರು, ಕರೆಂಟು ಎಲ್ಲ ಅಲ್ಲೇ ಇತ್ತಲ್ಲ, ಕೆಲಸಕ್ಕೆ ಬಂತು. (ಕಟ್ಟಿ ಮುಗಿದ ಮೇಲೆ ಡೇಟಾ ಸೆಂಟರ್‌ನಲ್ಲಿ ಎಷ್ಟು ಜನಕ್ಕೆ ಕೆಲಸ ಅನ್ನೋದು ಬೇರೆ ಮಾತು. ಕಾರ್ಖಾನೆಯಷ್ಟು ಜನ ಅಲ್ಲಿ ಬೇಡ.) ಕಂಪನಿಯ ಹೆಸರಿಗೆ ಬರೆದುಕೊಟ್ಟ ರಿಯಾಯಿತಿ ಕಂಪನಿಯ ಜೊತೆಗೇ ಹೋಗುತ್ತೆ. ಪೈಪು ಹೋಗಲ್ಲ. ಹಾಗಂತ ಯಾವ ಕಂಪನಿಗೋ ಹೊಲಿದ ಅಳತೆಯಲ್ಲಿ ಪೈಪ್ ಎಳೆದು, ಇನ್ಯಾರಾದರೂ ಬಂದಾರು ಅಂತ ಕಾಯೋದು ಲಾಟರಿ ಟಿಕೆಟ್ ತಗೊಂಡ ಹಾಗೆ.

ಮೊದಲೇ ದುಡ್ಡು ಕೊಟ್ಟರೆ ಏನಾಗುತ್ತೆ ಅಂತ ರೋಡ್ ಐಲೆಂಡ್ ತೋರಿಸಿಕೊಟ್ಟಿದೆ. 2010ರಲ್ಲಿ ಆ ಪುಟ್ಟ ರಾಜ್ಯ, ಬೇಸ್‌ಬಾಲ್ ಆಡಿ ನಿವೃತ್ತರಾದ ಕರ್ಟ್ ಶಿಲ್ಲಿಂಗ್ ಅವರ ವಿಡಿಯೋ ಗೇಮ್ ಕಂಪನಿಗೆ 7.5 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. 2012ರಲ್ಲಿ ಕಂಪನಿ ದಿವಾಳಿ. ಜಾಮೀನು ಹಾಕಿದವರ ಕಥೆ ಎಲ್ಲ ಕಡೆ ಒಂದೇ.

ಟಿಮೊಥಿ ಬಾರ್ಟಿಕ್ ಅನ್ನೋ ಅರ್ಥಶಾಸ್ತ್ರಜ್ಞರು ಇದರ ಮೇಲಿನ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು 2018ರಲ್ಲಿ ಲೆಕ್ಕ ಹಾಕಿದರು. ಇಂಥ ರಿಯಾಯಿತಿಯಿಂದಲೇ ಕಂಪನಿ ಜಾಗ ಆರಿಸಿತು ಅನ್ನಬಹುದಾದ ಸಂದರ್ಭಗಳು ನೂರಕ್ಕೆ 2ರಿಂದ 25ರವರೆಗೆ ಮಾತ್ರ. ಉಳಿದವು ಬಿಡಿಗಾಸು ಕೊಡದಿದ್ದರೂ ಬರುತ್ತಿದ್ದವು. ಓದಿದಾಗ ನಮ್ಮ ಮೀಟಿಂಗೇ ಕಣ್ಮುಂದೆ ಬಂತು.

ಹಾಗಾದ್ರೆ ಸರ್ಕಾರ ಸುಮ್ನೆ ಕೂತಿರಬೇಕಾ? ಇಲ್ಲ. ದಕ್ಷಿಣ ಕ್ಯಾರೊಲಿನಾ 1961ರಲ್ಲಿ, ಹಾಲಿಂಗ್ಸ್ ಗವರ್ನರ್ ಆಗಿದ್ದಾಗ, ತಾಂತ್ರಿಕ ತರಬೇತಿಯ ವ್ಯವಸ್ಥೆ ಶುರು ಮಾಡಿತು. ಹೊಸ ಕಾರ್ಖಾನೆಗೆ ಎಂಥ ಕೆಲಸಗಾರರು ಬೇಕೋ ಅಂಥವರನ್ನು ಸರ್ಕಾರವೇ ತಯಾರು ಮಾಡುತ್ತೆ. 1992ರಲ್ಲಿ ಬಿಎಂಡಬ್ಲ್ಯು ಆ ರಾಜ್ಯವನ್ನು ಆರಿಸಿಕೊಂಡಾಗ ಅದಕ್ಕೂ ರಿಯಾಯಿತಿ ಕೊಟ್ಟರು, ಇಲ್ಲ ಅನ್ನಲ್ಲ. ಆದರೆ ಆ ತರಬೇತಿಗೆ ಅಷ್ಟರಲ್ಲಿ ಮೂವತ್ತು ವರ್ಷ ಆಗಿತ್ತು. ಕಲಿತವನು ಕಂಪನಿ ಬಿಟ್ಟರೂ ಕೆಲಸ ಅವನ ಕೈಯಲ್ಲೇ ಇರುತ್ತೆ.

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಇಪ್ಪತ್ತು, ಮೂವತ್ತು ಜನ ಇಟ್ಟುಕೊಂಡು ವರ್ಷಗಟ್ಟಲೆ ತೆರಿಗೆ ಕಟ್ಟಿಕೊಂಡು ಬಂದ ಸಣ್ಣ ಕಾರ್ಖಾನೆಯವನಿಗೆ ಯಾರೂ ಕೆಂಪು ಹಾಸು ಹಾಸಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯೋದು ಇದಕ್ಕೇ ಅಲ್ವಾ? ಅಮೆರಿಕದಲ್ಲಿ 1988ರಿಂದ ಇಂಥವರಿಗೆಂದೇ ಒಂದು ಯೋಜನೆ ಇದೆ. ತಜ್ಞರು ಕಾರ್ಖಾನೆಗೇ ಬಂದು ಯಂತ್ರ ಎಲ್ಲಿಡಬೇಕು, ಮಾಲು ಎಲ್ಲಿ ಹಾಳಾಗ್ತಿದೆ, ಹೊಸ ಗಿರಾಕಿ ಹೇಗೆ ಹುಡುಕಬೇಕು ಅಂತ ಹೇಳಿಕೊಡುತ್ತಾರೆ. ಈಗ ಎಲ್ಲ 50 ರಾಜ್ಯಗಳಲ್ಲೂ ಇದರ ಕೇಂದ್ರಗಳಿವೆ. ಅದರ ರಿಬ್ಬನ್ ಕತ್ತರಿಸುವ ಫೋಟೋ ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ.

ಕೊನೆಗೆ ಕ್ಯಾನ್ಸಸ್ ಸಿಟಿ. ಎರಡು ರಾಜ್ಯಗಳ ಗಡಿ ಮೇಲೆ ಕೂತ ಊರು ಅದು. ನಡುವೆ ಒಂದು ರಸ್ತೆ, ಈ ಕಡೆ ಕ್ಯಾನ್ಸಸ್, ಆ ಕಡೆ ಮಿಸೌರಿ. ವರ್ಷಗಟ್ಟಲೆ ಎರಡೂ ರಾಜ್ಯಗಳು ದುಡ್ಡು ತೋರಿಸಿ ಕಂಪನಿಗಳನ್ನು ಆ ರಸ್ತೆ ದಾಟಿಸುತ್ತಿದ್ದವು. ಕಂಪನಿ ಅದೇ, ಕೆಲಸಗಾರರು ಅವರೇ, ಬೆಳಗ್ಗೆ ಕಾರು ಓಡಿಸೋ ದಿಕ್ಕು ಮಾತ್ರ ಬೇರೆ. ಕೊನೆಗೆ ನಾಚಿಕೆಯಾಯಿತೋ ಏನೋ, 2019ರಲ್ಲಿ ಇಬ್ಬರೂ ಕದನವಿರಾಮ ಮಾಡಿಕೊಂಡರು. ಖುಷಿಯಾಗಿ ಆ ಸುದ್ದಿಯನ್ನು ಇಬ್ಬರು ಗೆಳೆಯರಿಗೆ ಕಳಿಸಿದ್ದೆ.

ಐದೇ ವರ್ಷ. 2024ರ ಜೂನ್‌ನಲ್ಲಿ ಕ್ಯಾನ್ಸಸ್ ಶಾಸಕರು ಇನ್ನೊಂದು ಕಾನೂನು ಪಾಸು ಮಾಡಿದರು. ಚೀಫ್ಸ್ (ಅಮೆರಿಕನ್ ಫುಟ್‌ಬಾಲ್), ರಾಯಲ್ಸ್ (ಬೇಸ್‌ಬಾಲ್) ತಂಡಗಳು ಅಲ್ಲಿಗೆ ಬಂದು ಕ್ರೀಡಾಂಗಣ ಕಟ್ಟಿದರೆ, ಖರ್ಚಿನ ನೂರಕ್ಕೆ 70ರವರೆಗೆ ಬಾಂಡ್ ದುಡ್ಡಲ್ಲಿ ಕೊಡಬಹುದು. ಆ ಎರಡೂ ತಂಡಗಳು ಆಗ ಆಡುತ್ತಿದ್ದದ್ದು ಎಲ್ಲಿ ಅಂತ ಬೇರೆ ಹೇಳಬೇಕಾ? ರಸ್ತೆಯ ಆ ಕಡೆ.