ಮುಂದಿನವನ ಬೆನ್ನು

ಇಬ್ಬರು ಸೇರಿ ಸೈಕಲ್ ಪ್ರವಾಸ ಹೊರಟರೆ ದಾರಿಯುದ್ದಕ್ಕೂ ಹರಟೆ ಹೊಡೆಯುತ್ತಾರೆ ಅಂತ ಮನೆಯವರು ಅಂದುಕೊಂಡಿರುತ್ತಾರೆ. "ಹೇಗೂ ಜೊತೆಗೊಬ್ಬರಿದ್ದಾರಲ್ಲ, ಬೇಜಾರಾಗಲ್ಲ ಬಿಡು" ಅಂತ ಕಳಿಸಿಕೊಡುತ್ತಾರೆ. ನಿಜ ಹೇಳಬೇಕೆಂದರೆ, ಜೊತೆಗಾರ ಅನ್ನುವವನು ದಿನದ ಬಹುಪಾಲು ಬರೀ ಒಂದು ಬೆನ್ನು. ಬೆವರು ಒಣಗಿ ಅಂಗಿಯ ಮೇಲೆ ಉಳಿದ ಉಪ್ಪಿನ ಗೆರೆ. ಹಿಂದಿನ ಬ್ಯಾಗಿಗೆ ಕ್ಲಿಪ್ ಹಾಕಿ ಒಣಗಲು ಬಿಟ್ಟ ಎರಡು ಕಾಲುಚೀಲ. ಅದರ ಕೆಳಗೊಂದು ಕೆಂಪು ರಿಫ್ಲೆಕ್ಟರ್. ನನ್ನ ಗೆಳೆಯ ಮೀಸೆಯನ್ನು ಯಾವಾಗ ಬೋಳಿಸಿದ ಅಂತ ಕೇಳಿದರೆ ನಾನು ತಡವರಿಸುತ್ತೇನೆ. ಅವನ ಬಲಗಾಲಿನ ಮೀನಖಂಡದ ಮೇಲೆ ಚೈನಿನ ಗ್ರೀಸು ಎಲ್ಲೆಲ್ಲಿ ಹಲ್ಲಿನ ಗುರುತು ಮೂಡಿಸಿದೆ ಅಂತ ಬೇಕಾದರೆ ಬರೆದೇ ತೋರಿಸುತ್ತೇನೆ.

ಇಂಥ ಬೆನ್ನನ್ನು ಮನಸ್ಸಿಟ್ಟು ನೋಡಲು ಥಾರ್ ಮರುಭೂಮಿಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಅಲ್ಲಿ ನೋಡಲು ಬೇರೇನೂ ಇಲ್ಲ ಅಂತಲ್ಲ. ಇದೆ. ಆದರೆ ಗಂಟೆಗೊಂದರ ಲೆಕ್ಕದಲ್ಲಿ ಬರುತ್ತದೆ.

ನಾವು ಹೊರಟಿದ್ದು ಪೋಖರಣದಿಂದ ಜೈಸಲ್ಮೇರಿಗೆ. ಸುಮಾರು 110 ಕಿಲೋಮೀಟರ್. ಫೆಬ್ರುವರಿಯ ಬೆಳಗು. ನಾನು ಶಿರಸಿಯ ಕಡೆಯವನು, ಮಳೆ ಗೊತ್ತು, ಬಿಸಿಲಿನ ಅನುಭವ ಕಡಿಮೆ. ಗೆಳೆಯ ಕೊಪ್ಪಳದವನು. ಬಿಸಿಲಿನ ವಿಷಯದಲ್ಲಿ ತನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂತ ರೈಲಿನುದ್ದಕ್ಕೂ ಹೇಳಿಕೊಂಡು ಬಂದಿದ್ದ. ಈಗ ಎರಡೂ ಕೈಗೆ ಕಾಲುಚೀಲ ಹಾಕಿಕೊಂಡು ಹ್ಯಾಂಡಲ್ ಹಿಡಿದು ನಡುಗುತ್ತಿದ್ದ. "ಮರುಭೂಮಿ ಅಂದ್ರ ಬಿಸಿಲಿರ್ಬೇಕೋ ಬ್ಯಾಡೋ? ಇದೇನ್ ಥಂಡಿಲೇ ಇದು!" ಆಕಾಶದಲ್ಲಿ ಮೋಡ ಇಲ್ಲ, ಗಾಳಿಯಲ್ಲಿ ತೇವ ಇಲ್ಲ. ಹಗಲು ಕಾದ ನೆಲ ರಾತ್ರಿ ಇದ್ದಬದ್ದ ಶಾಖವನ್ನೆಲ್ಲ ಬಿಟ್ಟುಕೊಟ್ಟು ಕೂತುಬಿಡುತ್ತದೆ. ನಾನು ಇದನ್ನು ವಿವರಿಸಲು ಹೋದೆ. ಅವನು ಪೆಡಲ್ ತುಳಿದು ಮುಂದೆ ಹೋದ. ಬೆನ್ನು ಶುರುವಾಯಿತು.

ಪೋಖರಣ ಅಂದರೆ ನಮಗೆಲ್ಲ 1974 ಮತ್ತು 1998ರ ಅಣುಪರೀಕ್ಷೆ ನೆನಪಾಗುತ್ತದೆ. ಊರಿನವರಿಗೆ ಚಮ್‌ಚಮ್ ಅನ್ನುವ ಸಿಹಿಯ ಬಗ್ಗೆ ಅದಕ್ಕಿಂತ ಜಾಸ್ತಿ ಅಭಿಮಾನ ಇದ್ದ ಹಾಗೆ ಕಂಡಿತು. ಪರೀಕ್ಷೆ ನಡೆದ ಪ್ರದೇಶ ರಸ್ತೆಯ ಬಲಕ್ಕೆ ಎಲ್ಲೋ ದೂರದಲ್ಲಿದೆ. ನಮಗೆ ಕಂಡದ್ದು ತಂತಿ ಬೇಲಿ, ಎಕ್ಕದ ಗಿಡ, ಆಡು. ಮರಳಿನ ಅಲೆಗಳೆಲ್ಲ ಕ್ಯಾಲೆಂಡರಿಗೆ. ಅವು ಬೇಕಾದರೆ ಜೈಸಲ್ಮೇರ್ ದಾಟಿ ಇನ್ನೂ 40 ಕಿಲೋಮೀಟರ್ ಆಚೆ, ಸಮ್ ಅನ್ನುವ ಊರಿನವರೆಗೆ ಹೋಗಬೇಕು. ಈ ದಾರಿಯಲ್ಲಿ ಇರುವುದು ಹರಳುಗಲ್ಲಿನ ಬಯಲು, ಕುರುಚಲು ಪೊದೆ, ಸೇವಣ್ ಹುಲ್ಲು, ಅಲ್ಲಲ್ಲಿ ರಸ್ತೆಗೆ ಹರಿದುಬಂದ ಒಂದು ಪದರ ಮರಳು. ಆ ಪದರ ಮಾತ್ರ ಮೋಸದ್ದು. ಮುಂದಿನ ಚಕ್ರ ಅದರಲ್ಲಿ ಹೂತರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ.

ಮೊದಲ ಒಂದು ಗಂಟೆ ಪಕ್ಕಪಕ್ಕದಲ್ಲೇ ಹೋದೆವು. ಮಾತೂ ಆಡಿದೆವು. ಆದರೆ ಹೆದ್ದಾರಿಯ ಮಾತಿಗೆ ಒಂದು ಸಮಸ್ಯೆ ಇದೆ. "ನಿಮ್ಮ ಚಿಕ್ಕಪ್ಪನ ಮಗಳ ಮದುವೆ ಆಯ್ತಲ್ಲ, ಆ ಹುಡುಗ..." ಅನ್ನುವಷ್ಟರಲ್ಲಿ ಹಿಂದಿನಿಂದ ಸೇನೆಯ ಟ್ರಕ್ಕುಗಳ ಸಾಲು ಬರುತ್ತದೆ. ಒಂದರ ಹಿಂದೊಂದು. ಒಬ್ಬ ಮುಂದೆ ಹೋಗಬೇಕು, ಒಬ್ಬ ಹಿಂದೆ ಸರಿಯಬೇಕು. ಟ್ರಕ್ಕುಗಳು ಹೋದ ಮೇಲೆ ಮತ್ತೆ ಪಕ್ಕಕ್ಕೆ ಬಂದರೆ ಮಾತು ಎಲ್ಲಿ ನಿಂತಿತ್ತು ಅಂತ ಇಬ್ಬರಿಗೂ ನೆನಪಿಲ್ಲ. ಆ ಹುಡುಗ ಏನಾದ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಬಿಸಿಲು ಏರಿದ ಹಾಗೆ ನಡುವಿನ ಅಂತರವೂ ಏರಿತು. ಅವನದು ಬಿಸಿಲಿನ ಕಾಲು, ನನ್ನದು ನೆರಳಿನ ಕಾಲು. ಇದರಲ್ಲಿ ಜಗಳವೇನಿಲ್ಲ. ಇಬ್ಬರೂ ಒಂದೇ ವೇಗದಲ್ಲಿ ಹೋಗಬೇಕು ಅಂತ ಹಟ ಹಿಡಿದರೆ ಒಬ್ಬನ ಮೊಣಕಾಲು ಹಾಳು, ಇನ್ನೊಬ್ಬನ ತಲೆ ಹಾಳು. ಅವರವರ ವೇಗ ಅವರವರಿಗೆ, ಹತ್ತು ಹದಿನೈದು ಕಿಲೋಮೀಟರಿಗೊಮ್ಮೆ ನಿಂತು ಸೇರುವುದು ಅಂತ ಒಪ್ಪಂದ. ನಮ್ಮ ಘಟ್ಟದ ರಸ್ತೆಗಳಲ್ಲಾದರೆ ಇದು ಸಲೀಸು. ಎರಡು ತಿರುವು ಕಳೆದರೆ ಮುಂದಿನವನು ಮಾಯ. ನಾವೂ ಅವನನ್ನು ಮರೆತು ನಮ್ಮ ಪಾಡಿಗೆ ಏರು ಹತ್ತುತ್ತಿರುತ್ತೇವೆ. ಇಲ್ಲಿ ತಿರುವೇ ಇಲ್ಲ. ಎರಡು ಕಿಲೋಮೀಟರ್ ಮುಂದಿದ್ದರೂ ಮನುಷ್ಯ ಕಾಣುತ್ತಲೇ ಇರುತ್ತಾನೆ. ಕಪ್ಪು ಚುಕ್ಕೆ. ಬಿಸಿಗಾಳಿಯಲ್ಲಿ ಅದರ ಕೆಳಗಿನ ಅರ್ಧ ಕರಗಿ ಚಕ್ರಗಳೇ ಇಲ್ಲದೆ ತೇಲುತ್ತಿರುತ್ತದೆ. ಎಷ್ಟು ತುಳಿದರೂ ದೊಡ್ಡದಾಗುವುದಿಲ್ಲ. ಮುಂದೆ ಹೋದವನ ಮೇಲೆ ಸಿಟ್ಟು ಬರುವುದಾದರೆ ಅದು ಅವನು ಹೋದದ್ದಕ್ಕಲ್ಲ, ಹೋದಮೇಲೂ ಕಾಣುತ್ತಾನಲ್ಲ ಅನ್ನುವುದಕ್ಕೆ.

ಲಾಠಿ ಅನ್ನುವ ಊರು ಸಮೀಪಿಸುವಾಗ ನನ್ನ ಹಿಂದಿನ ಚಕ್ರ ಮೆತ್ತಗಾಯಿತು. ನೆಗ್ಗಿಲು ಮುಳ್ಳು. ನಮ್ಮ ಬಯಲುಸೀಮೆಯ ಹೊಲದ ಬದುವಿನಲ್ಲಿ ಹರಡಿಕೊಂಡಿರುವ ಅದೇ ಹಳದಿ ಹೂವಿನ ಬಳ್ಳಿ. ಕಾಯಿ ಒಣಗಿ ಒಡೆದರೆ ಒಂದೊಂದು ಚೂರಿಗೂ ಗಟ್ಟಿ ಮುಳ್ಳು. ಹೇಗೆ ಬಿದ್ದರೂ ಒಂದಾದರೂ ಮುಳ್ಳು ಮೇಲ್ಮುಖವಾಗಿರುವಂತೆ ಅದರ ರಚನೆ. ಮೂತ್ರದ ತೊಂದರೆಗೆ ಒಳ್ಳೆಯ ಔಷಧಿ ಅಂತ ನಾಟಿ ವೈದ್ಯರು ಹೇಳುತ್ತಾರೆ. ಟ್ಯೂಬಿಗೆ ಒಳ್ಳೆಯದಲ್ಲ.

ಊರಿನ ಅಂಗಡಿಯಲ್ಲಿ ಪಂಕ್ಚರ್ ಹುಡುಕುವುದು ಸುಲಭ. ಗಾಳಿ ತುಂಬಿದ ಟ್ಯೂಬನ್ನು ಬೋಗುಣಿ ನೀರಿನಲ್ಲಿ ಅದ್ದಿದರೆ ಗುಳ್ಳೆ ಏಳುತ್ತದೆ. ಇಲ್ಲಿ ನೀರಿರುವುದು ಕುಡಿಯಲಿಕ್ಕೆ. ಹಾಗಾಗಿ ಟ್ಯೂಬನ್ನು ಉಬ್ಬಿಸಿ ತುಟಿಯ ಹತ್ತಿರ ಹಿಡಿದು ನಿಧಾನಕ್ಕೆ ತಿರುಗಿಸುತ್ತ ಹೋಗಬೇಕು. ಬೆರಳಿಗೆ ತಿಳಿಯದ ಸಣ್ಣ ಗಾಳಿ ತುಟಿಗೆ ತಿಳಿಯುತ್ತದೆ, ತಣ್ಣಗೆ, ಸೂಜಿ ಮೊನೆಯಷ್ಟು ಜಾಗದಲ್ಲಿ. ಅಲ್ಲಿ ಪೆನ್ನಿನಿಂದ ಗುರುತು. ಆಮೇಲೆ ಟೈರಿನ ಒಳಮೈಯನ್ನು ಬೆರಳಾಡಿಸಿ ಹುಡುಕಬೇಕು, ಯಾಕೆಂದರೆ ಮುಳ್ಳಿನ ತುದಿ ಮುರಿದು ಒಳಗೇ ಕೂತಿರುತ್ತದೆ. ಅದನ್ನು ತೆಗೆಯದೆ ಪ್ಯಾಚ್ ಹಾಕಿದವರು ಮುಂದಿನ ಮೈಲಿಗಲ್ಲಿನ ಹತ್ತಿರ ಮತ್ತೆ ಕೂರುತ್ತಾರೆ. ಉಗುರಿಗೆ ಸಿಕ್ಕಿತು. ಅಕ್ಕಿಯ ನುಚ್ಚಿನಷ್ಟೂ ಇರಲಿಲ್ಲ.

ಮುಂದಿದ್ದ ಚುಕ್ಕೆ ಅಷ್ಟರಲ್ಲಿ ನಿಂತಿತ್ತು. ಆಮೇಲೆ ನಿಧಾನವಾಗಿ ದೊಡ್ಡದಾಗತೊಡಗಿತು. ದಿನದಲ್ಲಿ ಮೊದಲ ಬಾರಿ ಗೆಳೆಯನ ಎದೆಯ ಕಡೆ ಕಂಡಿತು. ಬಂದವನೇ ಏನೂ ಕೇಳದೆ ಪಂಪ್ ಕೈಗೆತ್ತಿಕೊಂಡ.

ಸೊಲ್ಯೂಷನ್ ಒಣಗಲು ಕಾಯುವಾಗ ಆಡು ಕಾಯುವ ಹುಡುಗನೊಬ್ಬ ಬಂದು ನಿಂತ. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಸೈಕಲಿಗೆ ಎಷ್ಟು ಕೊಟ್ಟಿರಿ ಅನ್ನುವ ಪ್ರಶ್ನೆಗಳು ಮುಗಿದವು. ಆಮೇಲೆ ಅವನು ಕೇಳಿದ್ದು: ಇಬ್ಬರೂ ಒಂದೇ ಕಡೆ ಹೋಗುವುದಾದರೆ ಎರಡು ಸೈಕಲ್ ಯಾಕೆ? ಒಬ್ಬರು ಹಿಂದೆ ಕೂತರೆ ಸಾಕಲ್ಲ!

ಇದಕ್ಕೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ನಾವು ಬೆಳೆದದ್ದೇ ಡಬಲ್ ರೈಡಿನಲ್ಲಿ. ಕ್ಯಾರಿಯರ್ ಮೇಲೆ ಕೂತವನು ತುಳಿಯುವವನ ಕಿವಿಯ ಹತ್ತಿರವೇ ಮಾತಾಡುತ್ತಿದ್ದ. ಯಾವ ಮಾತೂ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಏರು ಬಂದರೆ ಇಳಿದು ತಳ್ಳುತ್ತಿದ್ದ. ಪೊಲೀಸರು ಕಂಡರೆ ಹಾರುತ್ತಿದ್ದ. ಆಗಲೂ ನೋಡಲು ಇದ್ದದ್ದು ಬೆನ್ನೇ, ಆದರೆ ಅದಕ್ಕೆ ಮೂಗು ತಾಗುತ್ತಿತ್ತು. ಈಗ ಒಬ್ಬೊಬ್ಬರಿಗೆ 24 ಗೇರು, ಒಬ್ಬೊಬ್ಬರಿಗೆ ಒಂದೊಂದು ಪಂಪು. ಜೊತೆ ಮಾತ್ರ ಎರಡು ಕಿಲೋಮೀಟರ್ ದೂರ. ಹುಡುಗ ನಮ್ಮ ಮೌನ ನೋಡಿ ಆಡುಗಳ ಹಿಂದೆ ಹೋದ.

ಮಧ್ಯಾಹ್ನದ ನಿಲುಗಡೆ ಒಂದು ಖೇಜ್ರಿ ಮರದ ಕೆಳಗೆ. ನಮ್ಮ ವಿಜಯದಶಮಿಯ ಬನ್ನಿ ಮರವೇ ಇದು. ಅಲ್ಲಿ ನಾವು ವರ್ಷಕ್ಕೊಮ್ಮೆ ಪೂಜೆ ಮಾಡಿ ಎಲೆ ಹಂಚಿ ಬಂಗಾರ ಅನ್ನುತ್ತೇವೆ. ಇಲ್ಲಿ ಅದು ರಾಜ್ಯದ ಮರ, ದಿನಬಳಕೆಯ ಮರ. ಸೊಪ್ಪು ಒಂಟೆಗೆ, ಆಡಿಗೆ. ಕಾಯಿ ಸಾಂಗ್ರಿ ಪಲ್ಯಕ್ಕೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಅರಮನೆಯ ಕೆಲಸಕ್ಕೆ ಈ ಮರ ಕಡಿಯಲು ಬಂದಾಗ ಅಮೃತಾದೇವಿಯೂ ಸೇರಿ 363 ಬಿಷ್ಣೋಯಿ ಜನ ಮರ ತಬ್ಬಿಕೊಂಡು ಸತ್ತರು ಅಂತ ಓದಿದ್ದೆ. ಓದುವಾಗ ಅದು ದೊಡ್ಡ ಕಥೆ. ಮೂರು ತಾಸು ನೆತ್ತಿ ಸುಟ್ಟುಕೊಂಡು ಆ ನೆರಳಿಗೆ ಬಂದು ಕೂತರೆ, ಅಷ್ಟೇನೂ ಆಶ್ಚರ್ಯ ಆಗಲಿಲ್ಲ.

ಮರದ ಆಚೆ ಒಂದು ಪ್ಯಾವು ಇತ್ತು, ನಮ್ಮ ಅರವಟ್ಟಿಗೆಯ ಹಾಗೆ. ಮಡಕೆ, ಒದ್ದೆ ಬಟ್ಟೆ, ಉದ್ದ ಹಿಡಿಯ ಸೌಟು. ಜೈಸಲ್ಮೇರಿನ ಕಡೆ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗೂ ಕಡಿಮೆ. ಆಗುಂಬೆಯಲ್ಲಿ ಜುಲೈಯ ಒಂದು ವಾರ ಸಾಕು ಅದಕ್ಕೆ. ಅಂಥ ಕಡೆ ದಾರಿಹೋಕರಿಗೆಂದು ಯಾರೋ ಮಡಕೆ ತುಂಬಿಸಿ ಇಟ್ಟಿದ್ದಾರೆ. ನಾವು ಬಾಟಲಿ ತುಂಬಿಕೊಳ್ಳಲು ಹಿಂದೆಮುಂದೆ ನೋಡಿದೆವು. ಕುಡಿದು ಮಾತ್ರ ಎದ್ದೆವು. ಗೆಳೆಯ ತನ್ನ ಬಾಟಲಿಯ ನಿಂಬೆ ಉಪ್ಪಿನ ನೀರನ್ನು ನನ್ನ ಕಡೆ ಚಾಚಿದ. ಎಷ್ಟು ಕುಡಿಯುತ್ತೇನೆ ಅಂತ ಓರೆಗಣ್ಣಿನಲ್ಲಿ ನೋಡುತ್ತಿದ್ದ, ಅದೂ ಕಂಡಿತು.

1923ರ ಅಕ್ಟೋಬರಿನಲ್ಲಿ ಮುಂಬೈಯಿಂದ ಆರು ಜನ ಪಾರ್ಸಿ ಯುವಕರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟಿದ್ದರು. ಇರಾನ್, ಇರಾಕ್, ಸಿನಾಯ್ ಮರುಭೂಮಿಗಳನ್ನೆಲ್ಲ ದಾಟಿ 1928ರಲ್ಲಿ ತಿರುಗಿ ಬಂದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್‌ಗರಾ. ಮಿಕ್ಕವರು ದಾರಿಯಲ್ಲಿ ಒಬ್ಬೊಬ್ಬರಾಗಿ ಬೇರೆಯಾದರು. ನನಗೆ ಆ ಮೂವರಿಗಿಂತ ಬೇರೆಯಾದವರ ಬಗ್ಗೆಯೇ ಕುತೂಹಲ. ಸೈಕಲ್ ಜೊತೆಯಲ್ಲಿ ಒಬ್ಬರನ್ನೊಬ್ಬರು ಬಿಡುವುದಕ್ಕೆ ದೊಡ್ಡ ಕಾರಣವೇ ಬೇಕೆಂದಿಲ್ಲ. ಒಬ್ಬ ಬೆಳಿಗ್ಗೆ ಬೇಗ ಏಳುತ್ತಾನೆ, ಇನ್ನೊಬ್ಬ ತಡ. ಒಬ್ಬ ಪ್ರತಿ ಒಂಟೆಗೂ ನಿಂತು ಫೋಟೋ ತೆಗೆಯುತ್ತಾನೆ. ಒಬ್ಬ ಬಿಸ್ಕತ್ತಿನ ಪೊಟ್ಟಣವನ್ನು ಸದ್ದಿಲ್ಲದೆ ಮುಗಿಸುತ್ತಾನೆ. ಇಂಥ ಸಣ್ಣವು ನೂರು ದಿನ ಸೇರಿದರೆ ಸಾಕು. ಅಷ್ಟು ಕಾಲ ಆ ಮೂವರು ಒಟ್ಟಿಗೆ ಇದ್ದರಲ್ಲ, ಮರುಭೂಮಿ ದಾಟಿದ್ದಕ್ಕಿಂತ ಅದೇ ನನಗೆ ಹೆಚ್ಚಿನ ಸಾಹಸವಾಗಿ ಕಾಣುತ್ತದೆ.

ಚಾಂಧನ್ ದಾಟಿದ ಮೇಲೆ ಗಾಳಿ ಎದ್ದಿತು. ಪಡುವಣದಿಂದ, ನೇರ ಮುಖಕ್ಕೆ. ಜೈಸಲ್ಮೇರ್ ಹತ್ತಿರವಾಗುವಾಗ ಗಾಳಿಯಂತ್ರಗಳು ಕಾಣತೊಡಗುತ್ತವೆ, ಆಮೇಲೆ ಸಾಲುಸಾಲು. ಅವು ಯಾವಾಗಲೂ ಗಾಳಿ ಬರುವ ದಿಕ್ಕಿಗೆ ಮುಖ ತಿರುಗಿಸಿ ನಿಲ್ಲುತ್ತವೆ. ಅವತ್ತು ಅವೆಲ್ಲ ನಮಗೆ ಬೆನ್ನು ಹಾಕಿ ನಿಂತಿದ್ದವು. ಸೈಕಲಿಗರಿಗೆ ಅದಕ್ಕಿಂತ ಕೆಟ್ಟ ಸೂಚನೆ ಬೇಕಿಲ್ಲ.

ಎದುರುಗಾಳಿಯ ಲೆಕ್ಕ ಕ್ರೂರ. ಗಂಟೆಗೆ 20 ಕಿಲೋಮೀಟರ್ ಗಾಳಿಯಲ್ಲಿ 12ರ ವೇಗದಲ್ಲಿ ಹೋಗುವವನಿಗೆ ತಾಗುವುದು 32ರ ಗಾಳಿ. ಅದರ ಒತ್ತಡವೋ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಬೆಳಗ್ಗೆಯಿಂದ ಅವರವರ ಪಾಡಿಗೆ ಇದ್ದವರು ಆಗ ತಾನಾಗಿ ಹತ್ತಿರ ಬಂದೆವು. ಡ್ರಾಫ್ಟಿಂಗ್. ಒಬ್ಬ ಮುಂದೆ ಗಾಳಿ ಸೀಳುತ್ತಾನೆ, ಇನ್ನೊಬ್ಬ ಅವನ ಹಿಂದಿನ ಚಕ್ರಕ್ಕೆ ಒಂದು ಮೊಳ ಬಿಟ್ಟು ಅವನ ಮರೆಯಲ್ಲಿ ಹೋಗುತ್ತಾನೆ. ಆ ಮರೆಯೊಳಗೆ ನುಗ್ಗಿದ ಕ್ಷಣ ಕಿವಿಯ ಗದ್ದಲ ತಟ್ಟನೆ ಇಳಿಯುತ್ತದೆ. ಕಾಲು ಹಗುರ. ಬೆನ್ನು ಅನ್ನುವುದು ಎಷ್ಟು ಅಗಲ ಇದ್ದರೆ ಅಷ್ಟು ಒಳ್ಳೆಯದು ಅಂತ ಅನಿಸುವುದು ಆಗಲೇ. ಕೊಪ್ಪಳದ ಜೋಳದ ರೊಟ್ಟಿ ತಿಂದು ಬೆಳೆದ ಬೆನ್ನು, ಚೆನ್ನಾಗಿಯೇ ಇದೆ. ನನ್ನ ಬೆನ್ನಿನ ಬಗ್ಗೆ ಅವನು ಸಂತೋಷವಾಗಿರಲಿಲ್ಲ. "ನಿನ್ನ ಹಿಂದ ಇರೋದೂ ಒಂದಽ, ಕೊಡೆ ಕಡ್ಡಿ ಹಿಂದ ಇರೋದೂ ಒಂದಽ" ಅಂದ.

ಎರಡೆರಡು ಕಿಲೋಮೀಟರ್ ಸರದಿ. ಎರಡು ಕಿಲೋಮೀಟರ್ ಆಯಿತು ಅಂತ ಯಾವಾಗಲೂ ಹೇಳುವವನು ಮುಂದಿದ್ದವನು. ಇನ್ನೂ ಆಗಿಲ್ಲ ಅನ್ನುವವನು ಹಿಂದಿದ್ದವನು. ಮಾತು ಇಲ್ಲ, ಬರೀ ಮೊಣಕೈ ಸನ್ನೆ. ಮುಂದಿನವನು ಮೊಣಕೈ ಆಡಿಸಿದರೆ ಸರದಿ ಬದಲು. ಗುಂಡಿ ಬಂದರೆ ಬೆರಳು ತೋರಿಸಬೇಕು, ಯಾಕೆಂದರೆ ಹಿಂದಿನವನಿಗೆ ಕಾಣುವುದು ಕಾಲುಚೀಲ ಮತ್ತು ರಿಫ್ಲೆಕ್ಟರ್ ಮಾತ್ರ. ಬೆಳಗಿನ ಮದುವೆಯ ಮಾತಿಗಿಂತ ಈ ಬೆರಳಿನ ಮಾತು ಎಷ್ಟೋ ಪಾಲು ಪೂರ್ತಿಯಾಗಿತ್ತು.

ಸಂಜೆ ಹಳದಿ ಕಲ್ಲಿನ ಕೋಟೆ ಕಂಡಿತು, ಊರು ಬಂತು. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಲು ಶುರುಮಾಡಿದ ಕೋಟೆ. ಒಳಗೆ ಇಂದಿಗೂ ಜನ ಸಂಸಾರ ಹೂಡಿಕೊಂಡಿದ್ದಾರೆ. ನಾವು ಅದನ್ನು ಸರಿಯಾಗಿ ನೋಡಲಿಲ್ಲ. ಘೋಟುವಾ ಲಡ್ಡು ಮಾರುವ ಅಂಗಡಿಯ ಮುಂದೆ ಸೈಕಲ್ ಒರಗಿಸಿ ಮೀಟರ್ ನೋಡಿದೆವು. ನನ್ನದು 111 ತೋರಿಸಿತು, ಅವನದು 114.

"ಪಂಕ್ಚರ್ ಆದಾಗ ನಾ ತಿರುಗಿ ಬಂದಿದ್ನಲ್ಲ, ಬರೋದು ಒಂದೂವರಿ, ಹೋಗೋದು ಒಂದೂವರಿ" ಅಂದ. "ಕಿಲೋಮೀಟರಿಗೊಂದು ಲಡ್ಡು. ಮೂರು."

ಆ ಮೀಟರ್ ಅಳೆಯುವುದು ದೂರವನ್ನಲ್ಲ, ಚಕ್ರ ಎಷ್ಟು ಸುತ್ತು ಸುತ್ತಿತು ಅಂತ. ಚಕ್ರದ ಸುತ್ತಳತೆ ತಪ್ಪಾಗಿ ಹಾಕಿದ್ದರೆ, ಟೈರಿನ ಗಾಳಿ ಸ್ವಲ್ಪ ಇಳಿದಿದ್ದರೆ, ನೂರು ಕಿಲೋಮೀಟರಿನಲ್ಲಿ ಒಂದೆರಡು ಹೆಚ್ಚು ಕಡಿಮೆ ಆಗಿಯೇ ಆಗುತ್ತದೆ ಅಂತ ನಾನು ವಾದ ಹೂಡಿದೆ. ಅವನು ತಾಳ್ಮೆಯಿಂದ ಪೂರ್ತಿ ಕೇಳಿದ. ಆಮೇಲೆ ಅಂಗಡಿಯವನ ಕಡೆ ತಿರುಗಿ, ನನ್ನನ್ನು ತೋರಿಸಿ, ತನಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ, ನಾಲ್ಕು ಕೊಡಿ, ದುಡ್ಡು ಇವರು ಕೊಡುತ್ತಾರೆ ಅಂದ.