ಶನಿವಾರದ ಸೋಬಾ

ಜಪಾನೀಯರು ವರ್ಷದ ಕೊನೆಯ ದಿನ ಸೋಬಾ ಎಂಬ ನೂಡಲ್ಸ್ ತಿನ್ನುತ್ತಾರೆ. ಎಳೆ ಉದ್ದವಾಗಿರುವುದರಿಂದ ಆಯುಷ್ಯ ಬೆಳೆಯುತ್ತದೆ, ಸುಲಭವಾಗಿ ತುಂಡಾಗುವುದರಿಂದ ಹಳೆಯ ವರ್ಷದ ಪೀಡೆಯೂ ಕಡಿದುಹೋಗುತ್ತದೆ ಎಂಬುದು ನಂಬಿಕೆ. ಉದ್ದಕ್ಕೂ ಸೈ, ತುಂಡಿಗೂ ಸೈ ಎನ್ನುವ ಈ ತರ್ಕ ಹಾಸನದಿಂದ ಟೋಕಿಯೋಗೆ ಬಂದಿದ್ದ ನಮ್ಮ ಚಿಕ್ಕಪ್ಪನಿಗೆ ಬಹಳ ಹಿಡಿಸಿತು. "ಪೀಡೆ ಕಳೆಯುವುದೇ ಆದರೆ ಹಳೆಯ ಅಂಗಡಿಯಲ್ಲೇ ಕಳೆಯೋಣ" ಎಂದು ಪಟ್ಟು ಹಿಡಿದರು.

2022ರ ಡಿಸೆಂಬರ್ 31. ಟೋಕಿಯೋದ ಕಾಂಡಾ ಬಡಾವಣೆಯ ಕಡೆಗೆ ಹೊರಟೆವು. 1880ರಲ್ಲಿ ಶುರುವಾಗಿ, 2013ರಲ್ಲಿ ಬೆಂಕಿಗೆ ಸಿಕ್ಕಿ, ಮರುವರ್ಷ ಮತ್ತೆ ಬಾಗಿಲು ತೆರೆದ ಯಾಬು ಸೋಬಾ ಎಂಬ ಅಂಗಡಿ ಇರುವುದು ಅಲ್ಲೇ. ಅದರ ಮುಂದಿನ ಸಾಲಿನ ಬಾಲವನ್ನು ನೋಡಿಯೇ ಕಾಲು ಸೋತು, ಸ್ವಲ್ಪ ದೂರದ ಇನ್ನೊಂದು ಹಳೆಯ ಅಂಗಡಿಗೆ ನಡೆದೆವು. ಅಲ್ಲಿಯೂ ಸಾಲು. ಆದರೆ ಯಾರೂ ಮುನ್ನುಗ್ಗುತ್ತಿಲ್ಲ, ದನಿ ಎತ್ತಿ ಮಾತಾಡುತ್ತಿಲ್ಲ. ಮಂಕಿ ಕ್ಯಾಪಿನೊಳಗಿಂದ ಚಿಕ್ಕಪ್ಪ ಪಿಸುಗುಟ್ಟಿದರು: "ಹೋಟೆಲೇ ತಾನೇ ಇದು? ಯಾರೋ ತೀರಿಕೊಂಡ ಮನೆಯಂತೂ ಅಲ್ಲವಲ್ಲ?"

ಅಂತೂ ಒಳಗೆ ಕುಳಿತಾಗ ಚಿಕ್ಕಮ್ಮ ಕೇಳಿದರು: "ಇದರಲ್ಲಿ ಏನೂ ಇಲ್ಲ ತಾನೇ?"

ಆ 'ಏನೂ' ಎಂದರೆ ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಂದು ಶನಿವಾರ. ಭಾನುವಾರ ಕೋಳಿಕಾಲು ಚೀಪುವ ಚಿಕ್ಕಮ್ಮ ಶನಿವಾರ ಮೊಟ್ಟೆಯ ಹೆಸರನ್ನೂ ಎತ್ತುವವರಲ್ಲ. ಸೋಬಾ ಎಳೆಯದೇನೂ ತಕರಾರಿಲ್ಲ: ಎಂಟು ಪಾಲು ಬಕ್‌ವೀಟ್ ಹಿಟ್ಟು, ಎರಡು ಪಾಲು ಗೋಧಿ ಹಿಟ್ಟು. ಉತ್ತರ ಭಾರತದವರು ನವರಾತ್ರಿಯ ಉಪವಾಸದಲ್ಲಿ ತಿನ್ನುವ ಕುಟ್ಟು ಹಿಟ್ಟು ಈ ಬಕ್‌ವೀಟೇ ಎಂದು ವಾದಿಸಿ ಅರ್ಧ ಗೆದ್ದೆ. ಸೋತದ್ದು ತ್ಸುಯು ಎಂಬ ಕಪ್ಪು ರಸದಲ್ಲಿ. ಎಳೆಯನ್ನು ಅದ್ದಿಕೊಳ್ಳುವುದು ಅದರಲ್ಲೇ. ಬೊನಿಟೊ ಮೀನನ್ನು ಹೊಗೆಯಲ್ಲಿಟ್ಟು ಕಟ್ಟಿಗೆಯಂತಾಗುವವರೆಗೆ ಒಣಗಿಸಿ, ಹೆರೆದು, ಆ ಸಾರಕ್ಕೆ ಸೋಯಾ ಸಾಸ್ ಬೆರೆಸಿರುತ್ತಾರೆ. ಮೀನೂ ಕಾಣುವುದಿಲ್ಲ, ಮುಳ್ಳೂ ಇರುವುದಿಲ್ಲ ಎಂದೆ.

"ಕಾಣದಿದ್ದರೇನು? ತಿಮ್ಮಪ್ಪನಿಗೆ ಮೂಗಿಲ್ಲವೇ?" ಎಂದ ಚಿಕ್ಕಮ್ಮ ಬರೀ ಉಪ್ಪು ಸಾಕೆಂದರು.

ಉಪ್ಪು ಕೇಳಿದೊಡನೆ ಬಡಿಸುವ ಅಜ್ಜಿಯ ಮುಖ ಅರಳಿತು. ಹಿಟ್ಟಿನ ಪರಿಮಳ ತಿಳಿಯಲೆಂದು ಸೋಬಾವನ್ನು ಉಪ್ಪಿನೊಂದಿಗೆ ಸವಿಯುವ ರಸಿಕರು ಅಲ್ಲಿದ್ದಾರೆ. ಚಿಕ್ಕಮ್ಮನನ್ನು ಅವರ ಸಾಲಿಗೆ ಸೇರಿಸಿ ಅಜ್ಜಿ ಎರಡು ಸಲ ತಲೆಬಾಗಿದರು. ಅದನ್ನು ತಿದ್ದುವ ಉಸಾಬರಿ ನಮಗೇಕೆ?

ಸೋಬಾವನ್ನು ಹಲ್ಲಿನಿಂದಲ್ಲ, ಗಂಟಲಿನಿಂದ ಸವಿಯಬೇಕು ಎನ್ನುತ್ತಾರೆ. ಮುದ್ದೆ ನುಂಗಿ ಬೆಳೆದ ಚಿಕ್ಕಪ್ಪನಿಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ಸದ್ದು ಮಾಡಿ ಹೀರುವುದೂ ಅಲ್ಲಿ ತಪ್ಪಲ್ಲ ಎಂದು ತಿಳಿದ ಮೇಲಂತೂ ಮೂವತ್ತು ವರ್ಷ ಚಿಕ್ಕಮ್ಮನ ಕಣ್ಸನ್ನೆಗೆ ಹೆದರಿ ಸಾರು ಕುಡಿದ ಬಾಯಿ ಒಮ್ಮೆಲೇ ಸ್ವತಂತ್ರವಾಯಿತು. ಸೊರ್ರೆಂದು ಎಳೆದ ರಭಸಕ್ಕೆ ಎಳೆಗಳ ತುದಿ ಚಾಟಿಯಾಗಿ ತಿರುಗಿ, ತ್ಸುಯುವಿನ ಹನಿಗಳು ನನ್ನ ಕನ್ನಡಕದ ಮೇಲೆ ಸಾಲಾಗಿ ಕೂತವು. ನಾನು ಒರೆಸಿಕೊಳ್ಳುವಷ್ಟರಲ್ಲಿ ಬಿದಿರಿನ ತಟ್ಟೆ ಖಾಲಿ. ಈ ಹಳೆಯ ಅಂಗಡಿಗಳ ಹೆಸರು ದೊಡ್ಡದು, ಪಾಲು ಚಿಕ್ಕದು.

"ಚೆನ್ನಾಗಿತ್ತು. ಊಟ ಯಾವಾಗ ಬರುತ್ತದೆ?" ಎಂದರು ಚಿಕ್ಕಪ್ಪ.

ಬಂದದ್ದು ಊಟವಲ್ಲ, ಅರಗು ಬಣ್ಣದ ಚೌಕಾಕಾರದ ಹೂಜಿ. ಸೋಬಾ ಬೇಯಿಸಿದ ಬಿಸಿನೀರು ಅದರಲ್ಲಿರುತ್ತದೆ. ಉಳಿದ ತ್ಸುಯುವಿಗೆ ಬೆರೆಸಿ ಕುಡಿಯಬೇಕು. ನಾನು ಹೇಳಲು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ತಟ್ಟೆಯ ಮೇಲೆ ಕೈ ಹಿಡಿದು ಹೂಜಿ ಬಗ್ಗಿಸಿದ್ದರು. ಊರಿನ ಹೋಟೆಲಿನಲ್ಲಿ ಕೊನೆಗೆ ಬರುವ ಬಿಸಿನೀರು ಕೈ ತೊಳೆಯುವುದಕ್ಕಲ್ಲದೆ ಇನ್ನೇತಕ್ಕೆ? ಆದರೆ ಹೂಜಿಯದು ಕುದಿ ಇಳಿಯದ ನೀರು, ಇದು ಬಿದಿರು ಕಡ್ಡಿಗಳ ತಟ್ಟೆ. "ಅಯ್ಯಯ್ಯೋ" ಎಂಬ ಕೂಗಿನ ಜೊತೆಗೆ ನೀರು ಸಂದಿಗಳಿಂದ ಜಾರಿ, ಕೆಳಗಿನ ಪೆಟ್ಟಿಗೆ ತುಂಬಿ, ಮೇಜಿನ ಮೇಲೆ ಹರಿದು ಚಿಕ್ಕಮ್ಮನ ರೇಷ್ಮೆ ಸೆರಗು ಮುಟ್ಟಿತು. ಅಷ್ಟು ಹೊತ್ತು ಸೊರ್ರೆನ್ನುತ್ತಿದ್ದ ಇಡೀ ಅಂಗಡಿ ಗಪ್ಪಾಯಿತು.

ಅಜ್ಜಿ ಮುಖದ ಒಂದು ಗೆರೆಯನ್ನೂ ಕದಲಿಸದೆ ಮೇಜು ಒರೆಸಿ, ಇನ್ನೊಂದು ಹೂಜಿ ತಂದಿಟ್ಟು, ಬಟ್ಟಲಿಗೆ ತಾವೇ ಸುರಿದು ತೋರಿಸಿದರು. ಚಿಕ್ಕಮ್ಮ ತಮ್ಮ ಪಾಲಿಗೆ ಉಪ್ಪು ಹಾಕಿ ಗುಟುಕರಿಸಿದರು. "ಬಸ್ಸಾರಿಗೆ ಬಸಿದ ಕಟ್ಟು ಇಟ್ಟುಕೊಳ್ಳುವುದಿಲ್ಲವೇ, ಹಾಗೆಯೇ. ಬಸಿದದ್ದನ್ನು ಚೆಲ್ಲದ ಜನ, ಬಾಳುತ್ತಾರೆ" ಎಂದು ತೀರ್ಪು ಕೊಟ್ಟರು.

ಇನ್ನೊಂದು ತಟ್ಟೆ ಹೇಳೋಣವೆಂದು ಕೈ ಎತ್ತಿದೆ. ಅಷ್ಟರಲ್ಲಿ ಬಾಗಿಲಿಗೆ 'ಮುಗಿದಿದೆ' ಎಂಬ ಫಲಕ ನೇತುಹಾಕುತ್ತಿದ್ದರು.

ಹೊಟ್ಟೆ ತುಂಬಿದ್ದು ರೈಲು ನಿಲ್ದಾಣದಲ್ಲಿ. ಯಂತ್ರಕ್ಕೆ ಹಣ ಹಾಕಿದರೆ ಟಿಕೆಟ್. ಟಿಕೆಟ್ ಕೊಟ್ಟ ಎರಡು ನಿಮಿಷಕ್ಕೆ ಬಿಸಿ ಸಾರಿನಲ್ಲಿ ಮುಳುಗಿದ ಸೋಬಾ, ಮೇಲೊಂದು ತರಕಾರಿ ಬೋಂಡಾ. ಕುರ್ಚಿ ಇಲ್ಲ, ಇತಿಹಾಸ ಇಲ್ಲ, ಬಾಗುವ ಅಜ್ಜಿಯೂ ಇಲ್ಲ. ಚಿಕ್ಕಪ್ಪ ನಿಂತಲ್ಲೇ ಒಂದು ಬೋಗುಣಿ ಮುಗಿಸಿ, ಎರಡನೆಯದಕ್ಕೆ ಟಿಕೆಟ್ ತೆಗೆಸಿದರು.

ಚೀಲದಿಂದ ಕೋಡುಬಳೆ ತೆಗೆದು ಮುರಿಯುತ್ತಿದ್ದ ಚಿಕ್ಕಮ್ಮ, ಗಂಡನ ಬೋಗುಣಿಯಿಂದ ಏಳುತ್ತಿದ್ದ ಹಬೆಯನ್ನು ಒಮ್ಮೆ, ನಿಲ್ದಾಣದ ಗಡಿಯಾರವನ್ನು ಒಮ್ಮೆ ನೋಡಿ ನನ್ನನ್ನು ಹತ್ತಿರ ಕರೆದರು.

"ಈ ಅಂಗಡಿ ಹನ್ನೆರಡು ಗಂಟೆ ಹೊಡೆದ ಮೇಲೂ ತೆರೆದಿರುತ್ತದೆಯೇನೋ?" ಎಂದವರು ತಕ್ಷಣ ಇನ್ನೊಂದು ಸಂದೇಹ ಸೇರಿಸಿದರು. "ಅದಿರಲಿ, ತಿರುಪತಿಯಲ್ಲಿ ಶನಿವಾರ ಮುಗಿಯಲು ಇಲ್ಲಿಗಿಂತ ಮೂರೂವರೆ ಗಂಟೆ ತಡ ಅಲ್ಲವೇ? ತಿಮ್ಮಪ್ಪ ನೋಡುವುದು ಯಾವ ಗಡಿಯಾರ?"