ಬಣ್ಣ ಬಿಟ್ಟ ತೇರು

ನಮ್ಮ ಮನೆಯಲ್ಲಿ ಸಂಜೆಯ ಚಹಾಕ್ಕೆ ಗಡಿಯಾರ ಬೇಕಿಲ್ಲ. ಕಂಪ್ಯೂಟರಿಗೆ ಆಟ ತುಂಬಲು ಹಚ್ಚಿ, ಒಲೆಯ ಮೇಲೆ ಪಾತ್ರೆ ಇಟ್ಟರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ. ಸುಮಾರು 5 ನಿಮಿಷ. ಅಷ್ಟು ಹೊತ್ತೂ ಅದು ಕೀಂ, ಕರ್ರ್ ಅಂತ ಕಿರುಚುತ್ತದೆ. ಟಿವಿಯ ಅಂಚಿನಲ್ಲಿ ಮೊದಲು ಕೆಂಪು-ತಿಳಿನೀಲಿ ಪಟ್ಟೆ, ಆಮೇಲೆ ನೀಲಿ-ಹಳದಿ ಪಟ್ಟೆ ಓಡುತ್ತವೆ. ಅಡುಗೆಮನೆಯಿಂದ ಅವ್ವ ಕೇಳುತ್ತಾಳೆ, "ಕುದೀತೇನೋ ನಿಂದು?"

ನನ್ನದು ಅಂದರೆ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್. 1982ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮನೆಬಳಕೆಯ ಕಂಪ್ಯೂಟರ್. ಅಂಗಡಿಯ ಖಾತೆ ಪುಸ್ತಕದಷ್ಟು ದೊಡ್ಡದು. ಕಪ್ಪು ಮೈ, ಮೂಲೆಯಲ್ಲಿ ಕಾಮನಬಿಲ್ಲಿನ ಪಟ್ಟೆ, 40 ರಬ್ಬರ್ ಕೀಲಿಗಳು. ಒತ್ತಿದರೆ ಪೆನ್ಸಿಲ್ ಅಳಿಸುವ ರಬ್ಬರನ್ನು ಒತ್ತಿದ ಹಾಗಾಗುತ್ತದೆ. ಒಳಗೆ 3.5 ಮೆಗಾಹರ್ಟ್ಸ್‌ನ ಝಡ್80 ಚಿಪ್, 48 ಕೆಬಿ ನೆನಪು.

ಇದನ್ನು ತಂದವನು ಮಸ್ಕತ್‌ನಲ್ಲಿದ್ದ ನಮ್ಮ ಕಾಕಾ. 1985ರ ಬೇಸಿಗೆ. ಹಳೇ ಬಾಗಲಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಅರ್ಧ ಜನ ಕೂತಿದ್ದರು. ಕಾಕಾ ವೈರು ಚುಚ್ಚಿದ. ಟಿವಿಯಲ್ಲಿ ಬರೀ ಇರುವೆಗಳು. ಈ ಯಂತ್ರ ಚಿತ್ರ ಕಳಿಸುವುದು ಯುಎಚ್‌ಎಫ್ ಎಂಬ ಮೇಲಿನ ತರಂಗಪಟ್ಟಿಯ 36ನೇ ಚಾನಲ್‌ಗೆ. ನಮ್ಮದು ಕಪ್ಪು-ಬಿಳುಪು ಟಿವಿ, ಕಟಕಟ ಅಂತ ತಿರುಗಿಸುವ ಗುಂಡಿ 12ಕ್ಕೇ ನಿಲ್ಲುತ್ತಿತ್ತು. ಓಣಿಯ ಜನ ಚುರುಮುರಿ ತಿಂದು ಎದ್ದುಹೋದರು.

ಆದರೆ ಸ್ಪೆಕ್ಟ್ರಮ್‌ನ ದನಿ ಟಿವಿಯಿಂದ ಬರುವುದಿಲ್ಲ. ಅದರ ಹೊಟ್ಟೆಯಲ್ಲೇ ಒಂದು ಚಿಕ್ಕ ಸ್ಪೀಕರ್ ಇದೆ. ಇದನ್ನು ಕಂಡುಕೊಂಡ ದಿನ ನನಗೆ ನಿದ್ದೆ ಬರಲಿಲ್ಲ. ಜೊತೆಗೆ ಬಂದ ಪುಸ್ತಕ ನೋಡಿಕೊಂಡು ಕುರುಡಾಗಿಯೇ ಕೀಲಿ ಒತ್ತುತ್ತಿದ್ದೆ. ದನಿ ಹೊರಡಿಸುವ ಬೀಪ್ ಎಂಬ ಒಂದು ಪದ ಹುಟ್ಟಿಸಲು ಎರಡೂ ಶಿಫ್ಟ್ ಒಟ್ಟಿಗೆ ಒತ್ತಿ, ಬಿಟ್ಟು, ಮತ್ತೆ ಒಂದು ಶಿಫ್ಟ್ ಹಿಡಿದು ಝಡ್ ಒತ್ತಬೇಕು. ಅದರ ಮುಂದೆ ಎಷ್ಟು ಹೊತ್ತು, ಯಾವ ಸ್ವರ ಅಂತ ಎರಡು ಅಂಕಿ. ನಡುವಿನ ಅಲ್ಪವಿರಾಮ ಎನ್ ಕೀಲಿಯಲ್ಲಿ ಅಡಗಿ ಕೂತಿರುತ್ತದೆ. ಎಲ್ಲ ಸರಿಯಾದರೆ ಒಂದು ಸೆಕೆಂಡ್ 'ಸ' ಕೇಳುತ್ತದೆ. 0 ಅಂದರೆ ಸ, 2 ಅಂದರೆ ರಿ, 4 ಅಂದರೆ ಗ. ಒಂದು ಕೀಲಿ ತಪ್ಪಿದರೆ ಮೌನ. ಯಾಕೆ ಮೌನ ಅಂತ ಹೇಳಲು ಪರದೆಯೇ ಇಲ್ಲ. ಹೀಗೆ ಇಡೀ ರಜೆಯಲ್ಲಿ ನಾನು ನುಡಿಸಿದ್ದು ಒಂದು ಸರಿಗಮ. ಇವತ್ತಿನ ಮಕ್ಕಳಿಗೆ ಇದನ್ನು ಹೇಳಿದರೆ ಪಾಪ ಅನ್ನುವಂತೆ ನೋಡುತ್ತಾರೆ.

ಆಮೇಲೆ ಅದು ಟ್ರಂಕಿಗೆ ಹೋಯಿತು. ಆಲಮಟ್ಟಿಯ ಹಿನ್ನೀರು ಬಂತು, ಮನೆ ಹೋಯಿತು, ನಾವು ನವನಗರಕ್ಕೆ ಬಂದೆವು. ಟ್ರಂಕೂ ಬಂತು.

ಕಳೆದ ವರ್ಷ ನಾನು ನಿವೃತ್ತನಾದೆ. ಟ್ರಂಕ್ ತೆಗೆದು, ಅಂಗಡಿಯಿಂದ 9 ವೋಲ್ಟಿನ ಅಡಾಪ್ಟರ್ ತಂದು ಇನ್ನೇನು ಚುಚ್ಚಬೇಕು, ಯಾಕೋ ಕೈ ತಡೆಯಿತು. ಟಿವಿ ರಿಪೇರಿ ಮಾಡುವ ಹುಡುಗನ ಹತ್ತಿರ ಒಯ್ದೆ. ಅವನು ಮೀಟರ್ ಹಿಡಿದು ನೋಡಿ, "ಸರ್, ಇದಕ್ಕ ಪಿನ್ನಿನ ನಡುವ ಮೈನಸ್ ಬೇಕ್ರಿ. ನೀವು ತಂದದ್ದರಾಗ ನಡುವ ಪ್ಲಸ್ ಐತಿ. ಹಚ್ಚಿದ್ರ ಹೊಗಿ ಬರ್ತಿತ್ತು" ಅಂದ. ತಾನು ಹುಟ್ಟುವ ಮೊದಲಿನ ಯಂತ್ರವನ್ನು ಅವನು ಎಳೆಗೂಸಿನಂತೆ ಬಿಚ್ಚಿದ. ಒಳಗಿನ ಕೆಪ್ಯಾಸಿಟರ್‌ಗಳನ್ನು ಬದಲಿಸಿದ. ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆ ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ಅದನ್ನು ಈಗಲೂ ಹೊಸದಾಗಿ ಮಾಡಿ ಮಾರುತ್ತಾರೆ, ತರಿಸಿದೆವು. 36ನೇ ಚಾನಲ್ಲಿನ ತಂಟೆಯೇ ಬೇಡ ಅಂತ ಚಿತ್ರವನ್ನು ನೇರವಾಗಿ ಒಂದು ವೈರಿನಲ್ಲಿ ಹೊರಗೆಳೆದು ಟಿವಿಯ ಹಳದಿ ತೂತಿಗೆ ಕೊಟ್ಟ. ಬಿಳಿ ಪರದೆ, ಕೆಳಗೆ ಒಂದು ಸಾಲು: © 1982 ಸಿಂಕ್ಲೇರ್ ರಿಸರ್ಚ್ ಲಿಮಿಟೆಡ್. ನಾನು ಆ ರಜೆಯಲ್ಲಿ ಕುರುಡಾಗಿ ಒತ್ತುತ್ತಿದ್ದಾಗಲೆಲ್ಲ ಇದು ಹೀಗೆ ಕಾಣುತ್ತಿತ್ತಲ್ಲ ಅನ್ನಿಸಿ ಒಂದು ಕ್ಷಣ ಏನೂ ಒತ್ತದೆ ಕೂತೆ.

ಈ ಯಂತ್ರದ ಆಟಗಳು ಕ್ಯಾಸೆಟ್ಟಿನಲ್ಲಿ ಸದ್ದಿನ ರೂಪದಲ್ಲಿ ಇರುತ್ತಿದ್ದವು. ಕಾಕಾನ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿತ್ತು. ಈಗ ಆಟದ ಸದ್ದನ್ನು ಮೊಬೈಲ್‌ನಿಂದಲೇ ಊದಿಸುತ್ತೇನೆ. ಜೆ ಒತ್ತಿದರೆ ಇಡೀ 'ಲೋಡ್' ಎಂಬ ಪದವೇ ಬಂದು ಕೂರುತ್ತದೆ. ಎರಡು ಉದ್ಧರಣ ಚಿಹ್ನೆ, ಎಂಟರ್, ಅಷ್ಟೇ. ಮೊದಲ ದಿನ ನಾಲ್ಕು ನಿಮಿಷ ಕಿರುಚಿದ ಮೇಲೆ, ಚಹಾ ಇನ್ನೇನು ಉಕ್ಕಬೇಕು, ಮೊಬೈಲ್ ಟಿಣ್ ಅಂತು. ಆ ಸದ್ದು ಆಟದ ಸದ್ದಿಗೆ ಬೆರೆತು ಎಲ್ಲ ಕೆಟ್ಟಿತು. ಪರದೆಯಲ್ಲಿ 'ಆರ್ ಟೇಪ್ ಲೋಡಿಂಗ್ ಎರರ್'. ಬಂದಿದ್ದು ಬೀಗರ ಗುಂಪಿನ ಗುಲಾಬಿ ಹೂವಿನ ಶುಭಸಂಜೆ. ಆ ಒಂದು ಚಿತ್ರದ ತೂಕ ಈ ಕಂಪ್ಯೂಟರಿನ ಇಡೀ ನೆನಪಿಗಿಂತ ಜಾಸ್ತಿ ಇತ್ತು.

ಆಡುವುದು ಮ್ಯಾನಿಕ್ ಮೈನರ್, 1983ರದು. ಒಬ್ಬ ಗಣಿ ಕೆಲಸಗಾರ 20 ಗುಹೆ ದಾಟಬೇಕು. ಕೆಳಗೆ ಅವನ ಉಸಿರಿನ ಗಾಳಿ ಕಡಿಮೆಯಾಗುತ್ತಾ ಹೋಗುತ್ತದೆ. ನಾನು ಮೂರನೆಯದನ್ನು ದಾಟಿಲ್ಲ. ನನ್ನ ಕೈಬೆರಳಿನ ವಿಷಯ ಇಷ್ಟು ಸಾಕು.

ನನಗೆ ರುಚಿ ಹತ್ತಿದ್ದು ಆಡುವುದಲ್ಲ, ಮಾಡುವುದು. ಸ್ಪೆಕ್ಟ್ರಮ್ ಹಚ್ಚಿದ ತಕ್ಷಣ ಪ್ರೋಗ್ರಾಮ್ ಬರೆಯುವ ಬೇಸಿಕ್ ಭಾಷೆ ಎದುರಿಗೆ ಬಂದು ನಿಲ್ಲುತ್ತದೆ, ಏನೂ ತುಂಬಿಕೊಳ್ಳಬೇಕಿಲ್ಲ. 'ಎ'ಯಿಂದ 'ಯು'ವರೆಗಿನ 21 ಅಕ್ಷರಗಳಿಗೆ ನಮಗೆ ಬೇಕಾದ ರೂಪ ಕೊಡಬಹುದು. ಒಂದೊಂದೂ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಚುಕ್ಕಿ ಬೇಕಾದಲ್ಲಿ 1, ಬೇಡವಾದಲ್ಲಿ 0. ಒಂದು ದಿನ ಮೊಮ್ಮಗಳ ಚೌಕದ ನೋಟ್‌ಬುಕ್ಕಿನಲ್ಲಿ ತೇರು ಬಿಡಿಸುತ್ತಿದ್ದೆ. ಅವ್ವ ಬಗ್ಗಿ ನೋಡಿದಳು.

"ಕಸೂತಿ ಯಾವಾಗ ಕಲತ್ಯೋ?"

ಅವ್ವ ಒಂದು ಕಾಲಕ್ಕೆ ಇಳಕಲ್ ಸೀರೆಯ ಸೆರಗಿಗೆ ಗೋಪುರ, ತೇರು, ಆನೆ ಹೆಣೆದವಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕುವುದು. ಗಂಟೂ ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಮುರ್ಗಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದು. ಸ್ಪೆಕ್ಟ್ರಮ್ ಪರದೆಯಲ್ಲಿ ಅಡ್ಡಕ್ಕೆ 256, ಕೆಳಕ್ಕೆ 192 ಚುಕ್ಕಿ ಮಾತ್ರ. ಅಲ್ಲಿ ಓರೆ ಗೆರೆ ಎಳೆದರೆ ಅದು ಮುರ್ಗಿಯೇ. ನನ್ನ ತೇರಿನ ಗಾಲಿ ನೋಡಿ ಅವಳು ಎರಡು ಚುಕ್ಕಿ ಅಳಿಸಿದಳು, ಒಂದು ಸೇರಿಸಿದಳು. ಗಾಲಿ ದುಂಡಗಾಯಿತು. ಕಣ್ಣಿನ ಪರೆ ತೆಗೆಸಿದ ಮೇಲೂ ಅವಳು ಸೂಜಿ ಮುಟ್ಟಿರಲಿಲ್ಲ. ಟಿವಿಯ ಚುಕ್ಕಿಯಾದರೋ ಕಡಲೆಕಾಳಿನಷ್ಟು ಕಾಣುತ್ತದೆ.

ತೇರು ಕೆಂಪು, ಕಳಸ ಹಳದಿ ಅಂತ ಬರೆದೆ. ಓಡಿಸಿದರೆ ತೇರಿನ ನೆತ್ತಿಯೂ ಹಳದಿ.

"ಅಯ್ಯ, ಬಣ್ಣ ಬಿಟ್ಟೈತಲ್ಲೋ! ಮೊದಲನೇ ಒಗತಕ್ಕ ಉಪ್ಪುನೀರಾಗ ಇಡಬೇಕಿತ್ತು."

ಹೊಸ ಇಳಕಲ್ ಸೀರೆಗೆ ಅವಳು ಮಾಡುವುದು ಅದನ್ನೇ. ಈ ಯಂತ್ರಕ್ಕೆ ಉಪ್ಪುನೀರು ಹಾಕುವಂತಿಲ್ಲ. ಚುಕ್ಕಿಗಳ ಲೆಕ್ಕಕ್ಕೇ 6144 ಬೈಟ್ ಹೋಗುತ್ತವೆ. ಪ್ರತಿ ಚುಕ್ಕಿಗೂ ಬೇರೆ ಬಣ್ಣ ಕೊಟ್ಟಿದ್ದರೆ ಪ್ರೋಗ್ರಾಮಿಗೆ ಜಾಗ ಎಲ್ಲಿ? ಅದಕ್ಕೇ ಪರದೆಯನ್ನು ಎಂಟೆಂಟರ 768 ಮನೆ ಮಾಡಿ, ಮನೆಗೆ ಎರಡೇ ಬಣ್ಣ ಕೊಟ್ಟಿದ್ದಾರೆ, ಗೆರೆಗೆ ಒಂದು, ನೆಲಕ್ಕೆ ಒಂದು. ಬಣ್ಣದ ಲೆಕ್ಕ 768 ಬೈಟಿನಲ್ಲಿ ಮುಗಿಯಿತು. ಒಂದೇ ಮನೆಗೆ ಮೂರನೇ ಬಣ್ಣ ಬಂದರೆ ಮೊದಲಿನದನ್ನು ನುಂಗುತ್ತದೆ. (ಪರದೆಯ ವಿಳಾಸಗಳದ್ದು, ಅಂದರೆ ನೆನಪಿನಲ್ಲಿ ಒಂದೊಂದು ಬೈಟಿಗಿರುವ ಮನೆ ನಂಬರಿನದ್ದು, ಇನ್ನೂ ಗಮ್ಮತ್ತು. ಮೊದಲ ಗೆರೆಯ ಪಕ್ಕದ ವಿಳಾಸಕ್ಕೆ ಹೋದರೆ ಎರಡನೇ ಗೆರೆ ಸಿಗುವುದಿಲ್ಲ, ಒಂಬತ್ತನೆಯದು ಬಾಗಿಲು ತೆಗೆಯುತ್ತದೆ. ನವನಗರದ ಸೆಕ್ಟರ್‌ಗಳಲ್ಲಿ ಮನೆ ಹುಡುಕಿ ಸುಸ್ತಾದ ನನಗೆ ಇದು ಹೊಸದೇನಲ್ಲ.)

ಇಷ್ಟನ್ನೂ ಅವ್ವನಿಗೆ ಹೇಳಿದೆ. ಅವಳು ಅರ್ಧಕ್ಕೇ ತಡೆದು, "ಎಂಟರ ಗಡಿಗೆ ನೆತ್ತಿ ಮುಗಸು. ಕಳಸ ಮ್ಯಾಲಿನ ಮನ್ಯಾಗ ಇಡು" ಅಂದಳು. ತೇರು ಎರಡು ಮನೆ ಅಗಲ, ಮೂರು ಮನೆ ಎತ್ತರವಾಯಿತು. ಬಣ್ಣ ನಿಂತಿತು.

ಆಟ ಸಾದಾ. ಕೀಲಿ ಒತ್ತಿದರೆ ಹಗ್ಗ ಜಗ್ಗಿದಂತೆ, ತೇರು ಒಂದು ಮನೆ ಮುಂದೆ ಹೋಗುತ್ತದೆ. ಮೇಲಿನಿಂದ ಉತ್ತತ್ತಿ ಬೀಳುತ್ತವೆ, ತೇರಿಗೆ ತಾಗಿದಷ್ಟೂ ಅಂಕ. ಬೇಸಿಕ್ ನಿಧಾನ, ಹಾಗಾಗಿ ತೇರು ಜರ್ಕು ಹೊಡೆಯುತ್ತಾ ಹೋಗುತ್ತದೆ. ನಿಜವಾದ ತೇರೂ ಹಾಗೇ ಅಲ್ವಾ ಹೋಗುವುದು? ಒಮ್ಮೆ ಉಳಿಸುವ ಮೊದಲೇ ಕರೆಂಟ್ ಹೋಗಿ ಎಲ್ಲ ಅಳಿಸಿಹೋಯಿತು. ನೋಟ್‌ಬುಕ್ಕಿನಲ್ಲಿ ಚುಕ್ಕಿ ಇದ್ದವು, ಮತ್ತೆ ಒತ್ತಿದೆ.

ಈಗ ಅವ್ವನಿಗೆ ತೇರಿನ ಮುಂದೆ ನವಿಲು ಬೇಕಂತೆ. ಲೆಕ್ಕ ಹಾಕಿದೆ. ತೇರಿಗೆ ಆರು ಅಕ್ಷರ ಹೋದವು, ಉತ್ತತ್ತಿಗೆ ಒಂದು. 21ರಲ್ಲಿ ಉಳಿದದ್ದು ಹದಿನಾಲ್ಕು. ಅವ್ವ ಬಿಡಿಸಿದ ನವಿಲಿಗೆ ಇಪ್ಪತ್ತು ಮನೆ.

"ಬಾಲ ಸ್ವಲ್ಪ ಸಣ್ಣದು ಮಾಡೂಣೇನವ್ವಾ?" ಅಂದೆ.

"ಬಾಲ ಸಣ್ಣದ್ ಮಾಡಿದ್ರ ಅದು ಕೋಳಿ ಆಗತೈತಿ."

ಅದಕ್ಕೇ ಈ ವಾರ 23675ನೇ ವಿಳಾಸದಲ್ಲಿ ಕೂತಿದ್ದೇನೆ. 21 ಅಕ್ಷರಗಳ ರೂಪ ನೆನಪಿನಲ್ಲಿ ಎಲ್ಲಿದೆ ಅಂತ ಯಂತ್ರ ಗುರುತು ಹಾಕಿಕೊಂಡಿರುವುದು ಅಲ್ಲಿ ಮತ್ತು ಅದರ ಪಕ್ಕದ ಮನೆಯಲ್ಲಿ. ಆ ಎರಡು ಅಂಕಿ ಬದಲಿಸಿದರೆ ಬೇರೆ ಜಾಗದಿಂದ ಇನ್ನೊಂದು 21 ತೆಗೆದುಕೊಳ್ಳಬಹುದು. ಅವ್ವ ಆಗಲೇ ಎರಡನೇ ಹಾಳೆಯಲ್ಲಿ ಬಾಲದ ಕಣ್ಣು ಎಣಿಸುತ್ತಿದ್ದಾಳೆ.